ಮೆಟ್ಟಿಲ ಕೆಳಗಿನ ಮಹಾರಾಣಿ

ಆ ಬಹುಮಹಡಿ ಕಟ್ಟಡದವರಿಗೆಲ್ಲ ಅವಳು ಇಸ್ತ್ರಿ ಅಕ್ಕ. ಹದಿನಾರು ವರ್ಷ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ನಿಂತು ನಲವತ್ತು ಮನೆಗಳ ಬಟ್ಟೆಗೆ ಇಸ್ತ್ರಿ ಹಾಕಿದವಳು. ಆಮೇಲೆ ಎದುರು ರಸ್ತೆಯಲ್ಲಿ ಸ್ವಂತ ಲಾಂಡ್ರಿ ಇಟ್ಟಳು, ಎರಡು ಹೋಟೆಲುಗಳ ಕೆಲಸ ಹಿಡಿದಳು. ಹೋದ ವರ್ಷ ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮನೆಯನ್ನೇ ಕೊಂಡಳು.

ಹೊಸ ಸೋಫಾ ಬಂದ ದಿನ ಮಗಳು ಫೋಟೊ ತೆಗೆದಳು. ಧೂಳಾಗುತ್ತೆ ಅಂತ ಪ್ಲಾಸ್ಟಿಕ್ ಕವರ್ ಬಿಚ್ಚದೆ, ಅದರ ಮೇಲೇ ಅಕ್ಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಕಣ್ಣಿನ ಆಪರೇಷನ್ ಆಗಿ ವಾರವಾಗಿತ್ತಷ್ಟೇ, ಹಾಗಾಗಿ ಕಪ್ಪು ಕನ್ನಡಕ ಬೇರೆ. ಮಗಳು ಸ್ಟೇಟಸ್‌ಗೆ ಹಾಕಿದ್ದೇ ತಡ, ಯಾರೋ ಅದನ್ನೆತ್ತಿ 'ಮೆಟ್ಟಿಲ ಕೆಳಗಿನ ಮಹಾರಾಣಿ' ಅಂತ ಹೆಸರಿಟ್ಟು ಹರಿಯಬಿಟ್ಟರು. ಎರಡೇ ದಿನದಲ್ಲಿ ಊರೆಲ್ಲ ಸುತ್ತಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ ಅಂತ ಒಬ್ಬ ಬರೆದ. ಸೋಫಾಕ್ಕೂ ಇಸ್ತ್ರಿ ಹಾಕ್ಕೊಂಡೇ ಕೂರ್ತಾಳೇನೋ ಅಂತ ಇನ್ನೊಬ್ಬ.

ಮಗಳು ಊಟ ಬಿಟ್ಟು ಅತ್ತಳು. ಅಕ್ಕ ಮಾತ್ರ ಒಂದೊಂದಾಗಿ ಓದಿಸಿ ಕೇಳಿದಳು. ನಡುವೆ ಒಬ್ಬನ ಫೋಟೊ ನೋಡಿ, "ಈ ನೀಲಿ ಕೋಟು ನಂಗೊತ್ತು. ಒಳಗಡೆ ಪೂರಾ ಹರಿದುಹೋಗಿದೆ. ಇಷ್ಟು ವರ್ಷ ಯಾರ ಹತ್ರಾನೂ ಬಾಯಿಬಿಟ್ಟಿಲ್ಲ ನಾನು" ಅಂದಳು. ಅಳುತ್ತಿದ್ದ ಮಗಳಿಗೂ ನಗು ತಡೆಯಲಿಲ್ಲ.

ಮೊದಲು ಹರಿಯಬಿಟ್ಟವರು ಯಾರು ಅಂತ ಮಗಳು ಜಾಡು ಹಿಡಿದು ಹೋದಾಗ ಸಿಕ್ಕವರು ಎರಡನೇ ಮಹಡಿಯ ಟೀಚರ್. ಅಕ್ಕನ ಮುಖ ಆಗ ಸಪ್ಪಗಾಯಿತು. ಪರೀಕ್ಷೆಯ ಸಮಯದಲ್ಲಿ ಮಗಳಿಗೆ ಪುಕ್ಕಟೆ ಗಣಿತ ಹೇಳಿಕೊಟ್ಟಿದ್ದವರು ಅವರೇ.

ಮಾರನೇ ಬೆಳಗ್ಗೆ ಹೋಗಿ ಬಾಗಿಲು ತಟ್ಟಿದಳು. "ಬೇರೆಯವರು ನಕ್ಕಿದ್ದು ನಂಗೆ ಲೆಕ್ಕಕ್ಕಿಲ್ಲ ಟೀಚರ್. ನೀವ್ಯಾಕೆ ನಕ್ಕಿದ್ದು?"

ಟೀಚರ್ ದನಿ ತಗ್ಗಿಸಿದರು. "ನಮ್ಮಮ್ಮ ನಾಲ್ಕು ಮನೇಲಿ ಪಾತ್ರೆ ತೊಳೀತಿದ್ರು" ಅಂದರು. "ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಫೋಟೊ ನೋಡಿ ಅಮ್ಮನ್ನೇ ನೋಡಿದ ಹಾಗಾಯ್ತು. ಎಲ್ಲರಿಗಿಂತ ಮೊದ್ಲು ನಾನೇ ನಕ್ಕುಬಿಟ್ರೆ, ನನ್ನ ಕಡೆ ಯಾರೂ ತಿರುಗಿ ನೋಡಲ್ಲ ಅನ್ನಿಸ್ತು."

ಅಕ್ಕನ ಕೋಪ ಪೂರ್ತಿ ಇಳಿದಿರಲಿಲ್ಲ, ಆದರೂ ಒಳಗೆ ಹೋಗಿ ಕೂತಳು. ಅಮ್ಮ ಈಗೆಲ್ಲಿ ಅಂತ ಕೇಳಿದಳು. ಅಣ್ಣನ ಮನೆಯಲ್ಲಂತೆ. ಈ ಮನೆಗೆ ಒಂದು ಸಲವೂ ಕರೆದಿಲ್ಲವಂತೆ.

"ಮೊದ್ಲು ಅವರನ್ನ ಕರೀರಿ. ನನ್ನ ಹತ್ರ ಕ್ಷಮಾಪಣೆ ಆಮೇಲೆ ಕೇಳೋರಂತೆ" ಅಂದಳು ಅಕ್ಕ.

ಅವತ್ತು ಸಂಜೆಯೇ ಟೀಚರ್ ಕಟ್ಟಡದ ಗ್ರೂಪಿನಲ್ಲಿ ತಪ್ಪೊಪ್ಪಿಕೊಂಡು, ತಾಯಿಯ ಕೆಲಸವನ್ನೂ ಬರೆದರು. ಫೋಟೊ ಮಾತ್ರ ಇನ್ನೂ ಎಲ್ಲೆಲ್ಲೋ ಅಲೆಯುತ್ತಿದೆ, ಅದನ್ನು ಹಿಡಿದು ತರುವುದು ಯಾರ ಕೈಲೂ ಆಗದ ಮಾತು.

ಭಾನುವಾರ ಟೀಚರ್ ತಾಯಿ ಬಂದರು. ಬಂದವರು ಸೀದಾ ನಾಲ್ಕನೇ ಮಹಡಿಗೆ ಹತ್ತಿ, ಅಕ್ಕನ ಬಾಲ್ಕನಿಯಲ್ಲಿ ಕೂತು ಮಾತಿಗಿಳಿದರು. ಊಟಕ್ಕೆ ಬಾ ಅಂತ ಕೆಳಗಿನಿಂದ ಟೀಚರ್ ಮೂರು ಸಲ ಫೋನ್ ಮಾಡಿದರೂ ಏಳಲಿಲ್ಲ.