ಐಸಿನೊಳಗಿನ ಬೂದಿ

ಹುಣಸೂರಿನ ನನ್ನ ಸ್ಟುಡಿಯೋದ ಗೋಡೆಗೆ ದೊಡ್ಡದೊಂದು ಫೋಟೊ ಹಾಕಿದ್ದೇನೆ: ಕಪ್ಪು ಗುಡ್ಡ, ಅದರ ನೆತ್ತಿಯಿಂದ ಏಳುತ್ತಿರುವ ಹೊಗೆ. ಇವತ್ತು ಬೆಳಿಗ್ಗೆ ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಸಲು ಬಂದ ಪಿರಿಯಾಪಟ್ಟಣದ ರೈತರೊಬ್ಬರು ಅದನ್ನು ಬಹಳ ಹೊತ್ತು ನೋಡಿ, "ಯಾರ್ದಣ್ಣ ಇದು, ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಸುಟ್ಟೋಗಿರದು?" ಎಂದು ಕನಿಕರದಿಂದ ಕೇಳಿದರು. ಜ್ವಾಲಾಮುಖಿ ಎಂದೆ. ನಂಬಿದಂತೆ ಕಾಣಲಿಲ್ಲ. ಮದುವೆ ಫೋಟೊ ತೆಗೆಯುವವನ ಮಾತನ್ನು ನೀವಾದರೂ ನಂಬುತ್ತೀರೋ ಇಲ್ಲವೋ, ಹೇಳಿಬಿಡುತ್ತೇನೆ.

ಹೋದ ವರ್ಷ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವರು ಪುಟ್ಟಗೌರಮ್ಮ ಮೇಡಂ. ಭೇರ್ಯದ ಹೈಸ್ಕೂಲಿನಲ್ಲಿ ನನಗೆ ಭೂಗೋಳ ಕಲಿಸಿದವರು. ನಿವೃತ್ತರಾದ ಮೇಲೆ ಒಂದು ದಿನ ಸ್ಟುಡಿಯೋಕ್ಕೆ ಬಂದು ಕೂತು, "ಟೂರಿನವರ ಜೊತೆ ಐಸ್‌ಲ್ಯಾಂಡಿಗೆ ಹೋಗ್ತೀನಿ ಕಣೋ. ಜ್ವಾಲಾಮುಖಿ, ಹಿಮನದಿ ಎರಡೂ ಒಂದೇ ಕಡೆ ಅವೆ. ನಂಗೆ ಫೋಟೊ ತೆಗೆಯಕ್ಕೆ ಬರಲ್ಲ, ನೀನೂ ಬಾ" ಅಂದರು. ಬೋರ್ಡಿನ ಹತ್ತಿರ ಬಾ ಅಂದ ಹಾಗೇ ಇತ್ತು. ಅವರಿಗೆ ಇಲ್ಲ ಅನ್ನುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಬಂದಿಲ್ಲ.

ಅಷ್ಟೊಂದು ಮದುವೆ ತೆಗೆದ ಕೈ ನನ್ನದು, ಬೆಟ್ಟ ಯಾವ ಲೆಕ್ಕ ಎಂದುಕೊಂಡಿದ್ದೆ. ಆದರೆ ಬೆಟ್ಟಕ್ಕೆ ಗದ್ದ ಸ್ವಲ್ಪ ಎತ್ತಿ ಅನ್ನಲಾಗುವುದಿಲ್ಲ. ಗಾಳಿಗೆ ಟ್ರೈಪಾಡು ಎರಡು ಸಲ ಮಗುಚಿಕೊಂಡಿತು. ಕೊನೆಗೆ ಅಭ್ಯಾಸಬಲದಿಂದ, ಹೊಗೆಯಾಡುವ ಗುಡ್ಡದ ಮುಂದೆ ಸೀರೆ, ಜಾಕೆಟ್ಟು, ಮಂಕಿಕ್ಯಾಪಿನಲ್ಲಿ ನಿಂತಿದ್ದ ಮೇಡಂಗೆ "ಸ್ವಲ್ಪ ನಗಿ" ಎಂದೆ.

"ನಾನೇನು ಮದುವೆ ಹೆಣ್ಣೇನ್ಲಾ? ನನ್ನ ಬುಡು, ಅದನ್ನ ತೆಗಿ," ಅಂದರು.

ಮಾರನೇ ದಿನ ಹಿಮನದಿ. ಬೂಟಿನ ಅಡಿಗೆ ಕಬ್ಬಿಣದ ಹಲ್ಲು ಕಟ್ಟಿಕೊಂಡು, ಕೆರೆಯಿಂದ ಮರಳುವ ಎಮ್ಮೆಗಳ ಹಾಗೆ ಒಬ್ಬರ ಹಿಂದೆ ಒಬ್ಬರು ಹತ್ತಿದೆವು. ಐಸಿನ ಗೋಡೆಯೊಂದರಲ್ಲಿ ಅಡ್ಡಡ್ಡಲಾಗಿ ಕಪ್ಪು ಪಟ್ಟೆಗಳಿದ್ದವು. ಅವೇನೆಂದು ಮೇಡಂ ಗೈಡ್ ಹೆಂಗಸನ್ನು ಕೇಳಿದರು. ಯಾವ ಕಾಲದಲ್ಲೋ ಜ್ವಾಲಾಮುಖಿ ಉಗುಳಿದ ಬೂದಿ ಹಿಮದ ಮೇಲೆ ಬಿದ್ದು, ಅದರ ಮೇಲೆ ಮತ್ತೆ ಹಿಮ ಬಿದ್ದು ಹಾಗೇ ಉಳಿದಿದೆ ಎಂದಳು ಆಕೆ. ಸಾಲು ಮುಂದೆ ಹೊರಟರೂ ಮೇಡಂ ಆ ಪಟ್ಟೆಯ ಮುಂದೆಯೇ ನಿಂತುಬಿಟ್ಟರು.

"ಯಾಕೆ ಮೇಡಂ, ಸುಸ್ತಾಯ್ತಾ?"

"ಇಲ್ಲ ಕಣೋ. ನೀನು ಎಂಟನೇ ಕ್ಲಾಸಲ್ಲಿ ಕೇಳಿದ್ದೆ, ಆ ಬೂದಿಯೆಲ್ಲ ಎಲ್ಲಿಗೋಯ್ತದೆ ಮೇಡಂ ಅಂತ. ನಂಗೆ ಗೊತ್ತಿರ್ನಿಲ್ಲ. ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂದ್ಬುಟ್ಟೆ. ಆಮೇಲೆ ನೀನು ಏನೂ ಕೇಳ್ನೇ ಇಲ್ಲ."

ದೇವರಾಣೆಗೂ ನನಗೆ ನೆನಪಿರಲಿಲ್ಲ. ಕೇಳಿದ ನಾನು ಮರೆತಿದ್ದೆ, ಬಾಯಿ ಮುಚ್ಚಿಸಿದವರು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದರು. ಕ್ಯಾಮೆರಾ ಎತ್ತಿದೆ. ಚಳಿಗೆ ಬ್ಯಾಟರಿ ಸತ್ತಿತ್ತು. ಮೇಡಂ ಅದನ್ನು ಕಿತ್ತುಕೊಂಡು ಜಾಕೆಟ್ಟಿನೊಳಗೆ ಕಂಕುಳಲ್ಲಿಟ್ಟು, ಉಳಿದವರೆಲ್ಲ ಕಾಯುತ್ತಿದ್ದರೂ ಜಗ್ಗದೆ ನಿಂತರು. ಕಾವು ಹತ್ತಿದ ಬ್ಯಾಟರಿಯಲ್ಲಿ ಒಂದೇ ಒಂದು ಫೋಟೊ ಬಂತು: ಐಸಿನ ಗೋಡೆ, ಕಪ್ಪು ಪಟ್ಟೆ, ಅದರ ದಪ್ಪ ಗೊತ್ತಾಗಲೆಂದು ಪಕ್ಕದಲ್ಲಿಟ್ಟ ಅವರ ಕೈ.

ಹೋದ ವಾರ ಆ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು, ಹೆಡ್‌ಮಾಸ್ಟರನ್ನು ಕೇಳಿಕೊಂಡು, ಮೇಡಂ ಅದೇ ಸ್ಕೂಲಿನ ಎಂಟನೇ ಕ್ಲಾಸಿಗೆ ಹೋದರು. ನನ್ನನ್ನೂ ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಪಾಠ ಮುಗಿಸಿ, "ಏನಾದ್ರೂ ಕೇಳ್ರವ್ವ, ಕೇಳ್ರಪ್ಪ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತೀನಿ" ಅಂದರು.

ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಮೇಡಂ, ಆ ಐಸ್ ಕರಗಿದ್ ನೀರು ಬೂದಿ ರುಚಿ ಇರ್ತದಾ?"

"ನಾನು ಕುಡಿನಿಲ್ಲ ಕಣವ್ವ," ಎಂದ ಮೇಡಂ ನನ್ನ ಕಡೆ ತಿರುಗಿದರು. "ನೀನು ಕುಡಿದ್ಯೇನೋ?"

ಮಂಡಿನೋವಿನ ನಾನು ಥಟ್ಟನೆ ಎದ್ದು ನಿಂತೆ. "ಇಲ್ಲ ಮೇಡಂ."

ಹುಡುಗಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. "ಅಷ್ಟ್ ದೂರ ಓಗಿ ಬರೀ ಫೋಟೊ ತಕ್ಕೊಂಡ್ ಬಂದ್ರಾ?"

ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಮೇಡಂ. ಆ ನಗುವಿನಲ್ಲಿ ನನಗೆ ಕೂತ್ಕೋ ಅನ್ನುವುದನ್ನೂ ಮರೆತರು. ನಾನೂ ಕೂರಲಿಲ್ಲ. ನನಗೂ ಒಂದು ಕೇಳುವುದಿತ್ತು.