ತಡವಾಗಿ ಬಂದ ದನಿ

ರಾಯಚೂರಿನಿಂದ ಗಬ್ಬೂರಿನ ಮೇಲೆ ಹಾದು ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ನಾಗವೇಣಿ ಬಹಳ ವರ್ಷ ಕಂಡಕ್ಟರಾಗಿದ್ದಳು. ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು, ಚೀಲದಲ್ಲಿ ಕೋಳಿ ಕಟ್ಟಿಕೊಂಡು ಹತ್ತುವ ಮುದುಕರು, ಎಲ್ಲರನ್ನೂ ಅವಳ ದನಿಯೇ ಹತೋಟಿಯಲ್ಲಿಡುತ್ತಿತ್ತು. "ಒಳಗ ಸರೀರ್ರಿ, ಒಳಗ ಬೇಕಾದಷ್ಟು ಜಾಗ ಅದ. ಬಾಗಲದಾಗ ಯಾಕ ಜೋತು ಬೀಳ್ತೀರಿ?" ಎಂದು ಅವಳು ಒಮ್ಮೆ ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರೂ ಎದ್ದು ಕೂರುತ್ತಿದ್ದರು.

ಆ ದನಿ ಹೋದವರ್ಷ ಹೋಯಿತು. ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಹೈದರಾಬಾದಿನ ಡಾಕ್ಟರು ಗಡ್ಡೆಯ ಜೊತೆಗೆ ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಕುತ್ತಿಗೆಯ ಬುಡದಲ್ಲಿ ಒಂದು ತೂತು ಉಳಿಯಿತು, ಉಸಿರೆಲ್ಲ ಅದರಿಂದಲೇ. ಗಂಡ ಕನಕಪ್ಪ ಅವಳನ್ನು ಮಾನ್ವಿಯ ಮನೆಗೆ ಕರೆತಂದಾಗ ಓಣಿಯವರು ನೋಡಲು ಬಂದರು. ಅವರು ಕೇಳಿದ್ದಕ್ಕೆ ನಾಗವೇಣಿ ಅಭ್ಯಾಸಬಲದಿಂದ ಬಾಯಿ ತೆರೆದಳು. ತುಟಿ ಆಡಿದವು, ಕುತ್ತಿಗೆಯಿಂದ ಬರೀ ಗಾಳಿ ಬಂತು. ಆಮೇಲೆ ಅವಳು ಜನ ಬಂದರೆ ಗೋಡೆಯ ಕಡೆ ಹೊರಳಿ ಮಲಗತೊಡಗಿದಳು.

ತಮ್ಮ ಅಂಬರೀಶ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಕಂಡಕ್ಟರ್ ಕೆಲಸ ಸಿಗುವ ಮೊದಲು ಅಕ್ಕ ಮಾನ್ವಿಯಲ್ಲಿ ಕನ್ನಡ ಟೈಪಿಂಗ್ ಕಲಿತದ್ದು ಅವನಿಗೆ ನೆನಪಿತ್ತು. ಚಿಕಿತ್ಸೆಯಿಂದ ಬೆರಳು ಜೋಮು ಹಿಡಿದು ಅವಳಿಗೆ ಮೊಬೈಲಿನ ಸಣ್ಣ ಅಕ್ಷರ ಒತ್ತಲು ಬರುತ್ತಿರಲಿಲ್ಲ, ಆದರೆ ಕೀಬೋರ್ಡಿನ ಮೇಲೆ ಕೈ ತಾನೇ ಓಡುತ್ತಿತ್ತು. ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರೊಂದನ್ನು ಒರೆಸಿ ತಂದು ಅವಳ ಮಂಚದ ಪಕ್ಕ ಇಟ್ಟ. ಟೈಪ್ ಮಾಡಿ ಒಂದು ಕೀ ಒತ್ತಿದರೆ ಅದು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿತ್ತು.

ಓದುತ್ತಿತ್ತು ನಿಜ. ಆದರೆ ಅದು ಗಂಡಸಿನ ದನಿ, ತಗಡು ಬಡಿದ ಹಾಗೆ. "ಚಹಾ ಕುಡೀತೀರೇನ್ರಿ" ಎಂದು ಗಂಡನಿಗೆ ಕೇಳಿಸಿದಾಗ ಕನಕಪ್ಪ ತಡೆಯಲಾರದೆ ನಕ್ಕುಬಿಟ್ಟ. ನಾಗವೇಣಿ ನಗಲಿಲ್ಲ. ಕೀಬೋರ್ಡಿನಲ್ಲಿ ಬರೆದಳು: "ಅಂಬರೀಶ, ಇದನ್ನ ತಗಿ. ಮೂಕಿ ಅಂತ ಅನ್ನಿಸ್ಕೊಂಡು ಇರ್ತೀನಿ."

ಅಂಬರೀಶನಿಗೆ ಸಂಕಟವಾಯಿತು. ಹುಡುಕಾಡಿ ಹೊಸದೊಂದು ಪ್ರೋಗ್ರಾಂ ತಂದು ಅದೇ ಯಂತ್ರಕ್ಕೆ ಹಾಕಿದ. ಇದರಲ್ಲಿ ಹೆಣ್ಣು ದನಿ, ಮೆತ್ತಗಿನ ಕನ್ನಡ. ಮೊದಲ ಸಲ ಅದು "ಅಂಬರೀಶ, ಉಂಡು ಹೋಗು" ಎಂದಾಗ ನಾಗವೇಣಿ ನಕ್ಕಳು, ಮೂವರ ಕಣ್ಣಲ್ಲೂ ನೀರು ಬಂತು. ಸ್ವಲ್ಪ ನಿಧಾನವಾಗಿ ಮಾತಾಡುತ್ತಿತ್ತು, ಒಮ್ಮೊಮ್ಮೆ ತಡವರಿಸುತ್ತಿತ್ತು. ಇರಲಿ ಬಿಡು ಎಂದುಕೊಂಡರು.

ಅಷ್ಟರಲ್ಲಿ ದೇವದುರ್ಗದಿಂದ ಗೋಪಮ್ಮ ಬಂದಳು.

ಗೋಪಮ್ಮ ಇವರಿಬ್ಬರಿಗೂ ಹಿರಿಯ ಅಕ್ಕ. ತಾಯಿ ಕೊನೆಯ ವರ್ಷಗಳಲ್ಲಿ ಇದ್ದದ್ದು ಅವಳ ಹತ್ತಿರವೇ. ಬಚ್ಚಲಲ್ಲಿ ಜಾರಿ ಬಿದ್ದು ತಾಯಿ ತೀರಿಕೊಂಡ ದಿನ, ಹೆಣದ ಮುಂದೆ, ಊರವರೆಲ್ಲ ಕೂತಿದ್ದಾಗ ನಾಗವೇಣಿ ಕೂಗಿಬಿಟ್ಟಿದ್ದಳು: "ನೀ ಸರಿಯಾಗಿ ನೋಡ್ಕೊಂಡಿದ್ರ ಅವ್ವ ಇನ್ನಾ ಇರ್ತಿದ್ಲು!" ಗೋಪಮ್ಮ ಆವತ್ತು ಒಂದು ಮಾತೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ನಾಗವೇಣಿಯ ಬಸ್ಸು ದಿನಾ ದೇವದುರ್ಗಕ್ಕೆ ಹೋಗಿ ತಿರುಗುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ಅಕ್ಕನ ಮನೆ ದೂರವೇನಿರಲಿಲ್ಲ. ಡ್ರೈವರ್ ಚಹಾಕ್ಕೆ ಇಳಿದಾಗ ಅವಳು ಎಷ್ಟೋ ಸಲ ಆ ಓಣಿಯ ತಿರುವಿನ ತನಕ ಹೋಗಿ ವಾಪಸ್ಸು ಬಂದಿದ್ದಳು.

ಈಗ ಗೋಪಮ್ಮನೇ ಬಂದಿದ್ದಳು. ಗಂಟಲಿಗೆ ಹಿತವಾಗಲೆಂದು ನವಣೆ ಗಂಜಿ ಕಾಸಿ ಡಬ್ಬಿಯಲ್ಲಿ ತಂದಿದ್ದಳು. ಕನಕಪ್ಪ ರೈಸ್ ಮಿಲ್ಲಿಗೆ ಹೋಗಿದ್ದ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಂಗಿಯ ಕುತ್ತಿಗೆ ನೋಡಿ ಗೋಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಜಿ ಬಟ್ಟಲಿಗೆ ಹಾಕಿಕೊಟ್ಟು, ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು.

"ನಾಗವ್ವ, ಒಂದು ಮಾತು ಕೇಳ್ತೀನಿ. ನನ್ನ ಮ್ಯಾಲಿನ ಸಿಟ್ಟು ಇನ್ನಾ ಅದ ಏನು?"

ಬರೆದು ತೋರಿಸೋಣವೆಂದರೆ ಗೋಪಮ್ಮನಿಗೆ ಓದು ಬಾರದು. ನಾಗವೇಣಿ ಕಂಪ್ಯೂಟರಿನ ಕಡೆ ತಿರುಗಿ ಕೂತು ಟೈಪ್ ಮಾಡತೊಡಗಿದಳು. ಪರದೆಯ ಮೇಲೆ ಅಕ್ಷರವೇ ಮೂಡಲಿಲ್ಲ. ಬೆಳಿಗ್ಗೆಯಿಂದ ಚಾಲೂ ಇದ್ದ ಯಂತ್ರ ಒಳಗೆ ಕರಕರ ಎನ್ನುತ್ತಿತ್ತು, ಸಣ್ಣ ಚಕ್ರವೊಂದು ಸುತ್ತುತ್ತಿತ್ತು. ಅವಳು ಕೀ ಒತ್ತಿದಳು. ಮತ್ತೆ ಒತ್ತಿದಳು. ದನಿ ಬರಲಿಲ್ಲ.

ಗೋಪಮ್ಮನಿಗೆ ಕಂಡದ್ದು ತಂಗಿಯ ಬೆನ್ನು ಮಾತ್ರ. ಕಂಪ್ಯೂಟರ್ ಮಾತಾಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಮುಖ ತಿರುಗಿಸಿ ಅದರ ಮುಂದೆ ಕೂತಿದ್ದಾಳೆ.

"ಹೋಗ್ಲಿ ಬಿಡವ್ವ. ನಾ ಕೇಳಬಾರದಿತ್ತು" ಎಂದು ಅವಳು ಎದ್ದಳು.

ನಾಗವೇಣಿ ಗಾಬರಿಯಿಂದ ತಿರುಗಿ ಅಂಗೈ ಎತ್ತಿ ತೋರಿಸಿದಳು. ತಾಳು ಎಂದು ಅವಳ ಅರ್ಥ. ಸಾಕು ಎಂದು ಅಕ್ಕ ತಿಳಿದಳು. ಖಾಲಿ ಡಬ್ಬಿಯನ್ನೂ ತೆಗೆದುಕೊಳ್ಳದೆ ಚಪ್ಪಲಿ ಮೆಟ್ಟಿ ಹೊರಟಳು.

ಮಂಚದಿಂದ ಇಳಿದು ಗೋಡೆ ಹಿಡಿದು ನಾಗವೇಣಿ ಬಾಗಿಲಿಗೆ ಬರುವಷ್ಟರಲ್ಲಿ ಓಣಿಯ ತುದಿಯಲ್ಲಿ ಗೋಪಮ್ಮ ಆಟೋ ಹತ್ತುತ್ತಿದ್ದಳು. ನಾಗವೇಣಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದಳು. ಕುತ್ತಿಗೆಯ ತೂತಿನಿಂದ ಉಸಿರು ಸುಂಯ್ ಎಂದಿತು, ಅಷ್ಟೇ. ಆಟೋ ತಿರುವಿನಲ್ಲಿ ಮರೆಯಾಯಿತು.

ಆಗ ಮನೆಯೊಳಗಿನಿಂದ ಆ ಮೆತ್ತಗಿನ ದನಿ ಮಾತಾಡಿತು. "ಅಕ್ಕಾ, ಸಿಟ್ಟಿಲ್ಲ. ಆವತ್ತು ನಾನೇ ತಪ್ಪು ಮಾತಾಡಿದೆ. ಇವತ್ತು ಇಲ್ಲೇ ಇರು." ಒತ್ತಿದಷ್ಟು ಸಲವೂ ಅದು ಹೇಳಿತು. ಕೇಳುವವರು ಇಲ್ಲದ ಕೋಣೆಯಲ್ಲಿ ಮತ್ತೆ ಮತ್ತೆ ಹೇಳಿತು. ಸಂಜೆ ಕನಕಪ್ಪ ಬಂದಾಗ ಹೆಂಡತಿ ಹೊಸ್ತಿಲ ಮೇಲೆಯೇ ಕೂತಿದ್ದಳು.

ಮರುದಿನ ಅಂಬರೀಶ ಓಡಿಬಂದು ಯಂತ್ರ ಬಿಚ್ಚಿ ನೋಡಿದ. ಕೆಟ್ಟದ್ದೇನೂ ಇರಲಿಲ್ಲ.

"ಮೆಮೊರಿ ಸಾಲಿಲ್ಲ ಮಾವ" ಎಂದ ಕನಕಪ್ಪನಿಗೆ. "ಮೊದಲಿದ್ದ ತಗಡಿನ ದನಿ ಅದ ಅಲ್ಲ, ಅದನ್ನ ಮಾಡಿದ ಕಾಲದಾಗ ಯಾವ ಕಂಪ್ಯೂಟರಿನಾಗೂ ಜಾಗ ಇರ್ತಿರ್ಲಿಲ್ಲ. ಅದಕ್ಕ ಅವರು ಕೈ ಬಿಗಿ ಹಿಡಿದು ಮಾಡಿದ್ರು. ಒಂದೊಂದು ಅಕ್ಷರಕ್ಕ ಆಗಿಂದಾಗ ಸಪ್ಪಳ ಹುಟ್ಟಿಸಿ ಬಿಡ್ತದ, ಏನೂ ಕೂಡಿಡಂಗಿಲ್ಲ. ಈ ಹೊಸಾದು ಹಂಗಲ್ಲ. ಒಂದು ಮನುಷ್ಯಾರ ದನಿ ಹೆಂಗಿರ್ತದ ಅನ್ನೋದನ್ನ ಪೂರಾ ಮೆಮೊರಿಯಾಗ ತಂದು ಹರವಿಕೊಂಡು ಕುಂದ್ರತದ. ಅದಕ್ಕಽ ಚಂದ ಮಾತಾಡ್ತದ."

"ಮತ್ತ ಹೊಸ ಕಂಪ್ಯೂಟರಿನಾಗ ಮೆಮೊರಿ ತುಂಬಂಗಿಲ್ಲೇನು?"

"ಇನ್ನಾ ಜಾಸ್ತಿ ತುಂಬ್ತದ. ಸುಮ್ನ ಕುಂತಾಗೂ ಅರ್ಧ ತುಂಬೇ ಇರ್ತದ. ಖಾಲಿ ಬಿಟ್ರ ಏನು ಬಂತು ಅಂತ, ಮುಂದ ಬೇಕಾಗಬಹುದಾದ್ದನ್ನ ಮೊದಲೇ ತಂದು ಇಟ್ಕೊಂಡಿರ್ತದ. ಬ್ಯಾರೆ ಕೆಲಸ ಬಂತಂದ್ರ ಸರಿದು ಜಾಗ ಕೊಡ್ತದ. ಅದರ ಹಂತ್ಯಾಕ ಅಷ್ಟು ಜಾಗ ಅದ, ಚಿಂತಿ ಇಲ್ಲ. ಇದರ ಹಂತ್ಯಾಕ ಇಲ್ಲ. ಇದು ಸಣ್ಣ ಅಡಗಿಮನಿ ಇದ್ದಂಗ. ಹಿಡಿಸಲಾರದ್ದನ್ನ ಹಿತ್ತಲದಾಗ ಇಟ್ಟು, ಬೇಕಾದಾಗೊಮ್ಮೆ ಓಡಿಹೋಗಿ ತರತದ. ಒಂದು ತರಬೇಕಂದ್ರ ಇನ್ನೊಂದು ಒಯ್ದು ಇಡಬೇಕು. ಆ ಓಡಾಟದಾಗ ನಿಂತು ಹೋಗ್ಯದ."

ಕನಕಪ್ಪ ಅವನ ಮುಖ ನೋಡಿದ. "ಇದೆಲ್ಲ ನಿನಗ ಮೊದಲೇ ಗೊತ್ತಿತ್ತಲ್ಲ?"

"ಗೊತ್ತಿತ್ತು. ಅಕ್ಕ ಆ ಹೆಣ್ಣು ದನಿ ಕೇಳಿ ನಕ್ಕಿದ್ಲು. ತಗಿಯಾಕ ಮನಸ್ಸು ಬರ್ಲಿಲ್ಲ."

ನಾಗವೇಣಿ ತಮ್ಮನ ಕೈ ಹಿಡಿದು ಬಾಗಿಲ ಕಡೆ ತೋರಿಸಿದಳು. ಅವನಿಗೆ ಅರ್ಥವಾಯಿತು. ಅಲ್ಲಿಂದಲೇ ದೇವದುರ್ಗದ ಬಸ್ಸು ಹತ್ತಿದ.

ಗೋಪಮ್ಮ ಅವನು ಹೇಳಿದ್ದನ್ನು ಪೂರ್ತಿ ಕೇಳಿದಳು, ನಂಬಲಿಲ್ಲ.

"ನಮ್ಮಿಬ್ಬರನ್ನ ಕೂಡಸಾಕ ಹೇಳಾಕತ್ತೀದಿ, ಛಲೋ ಮನಸ್ಸು ನಿಂದು. ಮಿಷನ್ ತಡ ಮಾಡಿರಬಹುದು. ಕೈ ಎತ್ತಿ ಸಾಕು ಅಂದದ್ದು ಮಿಷನ್ನೇನು? ನಾ ಕಣ್ಣಾರೆ ಕಂಡೀನಿ."

"ತಾಳು ಅಂದದ್ದು ಅಕ್ಕಾ ಅದು!"

"ಇರಲಿ. ಈಗ ನನಗ ಬರಾಕ ಆಗಂಗಿಲ್ಲ."

ಅಂಬರೀಶ ಅಂಗಡಿಯಲ್ಲಿ ಕೂತು ಹೊಸ ಕಂಪ್ಯೂಟರೊಂದನ್ನು ಜೋಡಿಸಿದ. ಅಕ್ಕನಿಗೆ ಕೊಡುವ ಮೊದಲು ಬೆಳಿಗ್ಗೆಯಿಂದ ಸಂಜೆಯ ತನಕ ಅದರ ಕೈಲಿ ಮಾತಾಡಿಸಿ ನೋಡಿದ. ಒಂದು ಸಲವೂ ತಡವರಿಸಲಿಲ್ಲ. ಆದರೆ ಅದನ್ನು ಮಾನ್ವಿಗೆ ಒಯ್ಯಬೇಕೆನ್ನುವಷ್ಟರಲ್ಲಿ ನಾಗವೇಣಿಗೆ ಉಸಿರಾಟ ಕಷ್ಟವಾಯಿತು. ರೋಗ ಎದೆಗೆ ಇಳಿದಿತ್ತು. ರಾಯಚೂರಿನ ಆಸ್ಪತ್ರೆಗೆ ಸೇರಿಸಿದರು. ಅಂಬರೀಶ ಹೊಸ ಯಂತ್ರವನ್ನು ಅಲ್ಲಿಗೇ ತಂದು ಮಂಚದ ಪಕ್ಕ ಇಟ್ಟ. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಕನಕಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು.

ಸುದ್ದಿ ಕೇಳಿ ಗೋಪಮ್ಮ ಉಟ್ಟ ಸೀರೆಯಲ್ಲೇ ಬಂದಳು. ಮಧ್ಯಾಹ್ನದ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಬಂದಿದ್ದಳು, ಮುಖವೆಲ್ಲ ಬೆವರು. ತಂಗಿಯ ತಲೆದಿಂಬಿನ ಹತ್ತಿರ ನಿಂತಳು. ನಾಗವೇಣಿ ಕಣ್ಣು ತೆರೆದಳು. ಅಕ್ಕನನ್ನು ಬಹಳ ಹೊತ್ತು ನೋಡಿದಳು. ಕೀಬೋರ್ಡ್ ಕೊಡು ಎಂದು ತಮ್ಮನಿಗೆ ಸನ್ನೆ ಮಾಡಿದಳು.

ಅವನು ಅದನ್ನು ಅವಳ ಹೊಟ್ಟೆಯ ಮೇಲೆ ಇಟ್ಟು ಹಿಡಿದುಕೊಂಡ. ಈಗ ಯಂತ್ರ ತಯಾರಾಗಿತ್ತು, ಕೈಯಲ್ಲಿ ಬಲವಿರಲಿಲ್ಲ. ಒಂದು ಅಕ್ಷರ ಒತ್ತಿ ಕಣ್ಣು ಮುಚ್ಚುತ್ತಿದ್ದಳು. ಮತ್ತೆ ತೆರೆದು ಇನ್ನೊಂದು. ಹೇಳಬೇಕಾದ್ದು ದೊಡ್ಡದಿತ್ತು, ಅಷ್ಟು ಬರೆಯಲು ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತೇನೋ. ಕಡೆಗೆ ಕೀ ಒತ್ತಿದಳು.

"ಉಂಡಿಯೇನಕ್ಕ?" ಎಂದಿತು ದನಿ, ತಕ್ಷಣ.

ಯಾರೋ ಅಪರಿಚಿತ ಹುಡುಗಿ ಮಾತಾಡಿದಂತಾಗಿ ಗೋಪಮ್ಮ ಬೆಚ್ಚಿ ಸುತ್ತ ನೋಡಿದಳು. ಆಮೇಲೆ ತಂಗಿಯ ಬೆರಳುಗಳನ್ನು ನೋಡಿದಳು.

"ಉಂಡೀನವ್ವ, ಉಂಡೀನಿ" ಎಂದಳು. ಬೆಳಿಗ್ಗೆಯಿಂದ ಅವಳು ನೀರೂ ಕುಡಿದಿರಲಿಲ್ಲ.

ಕೀಬೋರ್ಡನ್ನು ಅವಳೇ ಎತ್ತಿ ಅಂಬರೀಶನ ಕೈಗೆ ಕೊಟ್ಟು ಮಂಚದ ಮೇಲೆ ಕೂತಳು. ಅವ್ವ ಬಿದ್ದ ದಿನ ಹೇಗಿತ್ತು, ತಾನು ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದದ್ದು, ಸಪ್ಪಳ ಕೇಳಿ ಓಡಿದ್ದು, ಎಲ್ಲವನ್ನೂ ಮೊದಲ ಬಾರಿಗೆ ಹೇಳಿದಳು. ನಾಗವೇಣಿ ಕೇಳುತ್ತಾ ಅಕ್ಕನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

ಮಾರನೆಯ ದಿನ ಬೆಳಿಗ್ಗೆ ನಾಗವೇಣಿ ತೀರಿಕೊಂಡಳು. ಡಿಪೋದ ಡ್ರೈವರುಗಳು, ಕಂಡಕ್ಟರುಗಳು ಖಾಕಿಯಲ್ಲೇ ಮಾನ್ವಿಗೆ ಬಂದು ಮಣ್ಣು ಹಾಕಿ ಹೋದರು.

ಗೋಪಮ್ಮ ತಿಥಿಕಾರ್ಯ ಮುಗಿಯುವ ತನಕ ಅಲ್ಲೇ ಉಳಿದಳು. ಬಂದವರಿಗೆಲ್ಲ ಅವಳೇ ರೊಟ್ಟಿ ಬಡಿದಳು. ಹೊರಡುವ ದಿನ ಕನಕಪ್ಪ ಅವಳನ್ನು ಬಸ್ಸಿಗೆ ಹತ್ತಿಸಲು ಹೋದ. ಕಿಟಕಿಯ ಹತ್ತಿರ ನಿಂತು, "ಆಗಾಗ ಬರ್ರಿ ಅಕ್ಕಾ, ಮನಿ ಬಾಗಲಾ ನಿಮಗ ಯಾವಾಗ್ಲೂ ತೆರದಿರ್ತದ" ಎಂದ. ಅವಳು ಹೂಂ ಎಂದಳು. ಬಸ್ಸು ಹೊರಟಿತು.