ಕದಿರಮ್ಮ ಕೂಡಿಟ್ಟ ಹಳೇ ಅಕ್ಕಿ

ಯಲ್ದೂರಿನಲ್ಲಿ ಬಾಣಂತಿಯರಿಗೆ ನೀರು ಹಾಕುತ್ತಿದ್ದ ಕದಿರಮ್ಮ ನನ್ನನ್ನು ಒಂದು ದಿನವೂ ಸಾರ್ ಎನ್ನಲಿಲ್ಲ. ಮಗನನ್ನು ಕರೆಯುವ ಹಾಗೆ ‘ನಾಯ್ನಾ’ ಎನ್ನುತ್ತಿದ್ದಳು, ಕೋಪ ಬಂದರೆ ‘ಏನ್ಲಾ’. ನಾನು 1979ರಲ್ಲಿ ಬೆಂಗಳೂರಿನಿಂದ ಊಟದ ಸರ್ವೆಗೆ ಅಲ್ಲಿಗೆ ಹೋಗಿದ್ದೆ. ಜನ ದಿನಕ್ಕೆ ಏನೇನು, ಎಷ್ಟೆಷ್ಟು ತಿನ್ನುತ್ತಾರೆಂದು ನಾನು ತೂಗಿ ಬರೆಯಬೇಕು. ಅವರ ಮನೆಯ ಕಾಳಿನಲ್ಲಿ ಹುಳ ಕೊಲ್ಲುವ ಔಷಧಿ ಎಷ್ಟಿದೆಯೆಂದು ಲ್ಯಾಬಿನವರು ನೋಡುತ್ತಾರೆ. ಎರಡನ್ನೂ ಸೇರಿಸಿದರೆ ಒಬ್ಬೊಬ್ಬರ ಹೊಟ್ಟೆಗೆ ಎಷ್ಟು ವಿಷ ಹೋಗುತ್ತಿದೆಯೆಂಬ ಅಂದಾಜು ಸಿಗುತ್ತದೆ. ಆದರೆ ಪ್ಯಾಂಟು ಹಾಕಿದವನನ್ನು ಅಡುಗೆಮನೆಗೆ ಬಿಡುವವರು ಯಾರು? ತಕ್ಕಡಿ ಹಿಡಿದು ಒಳಗೆ ಹೋಗಲು ಕದಿರಮ್ಮನನ್ನು ದಿನಗೂಲಿಗೆ ಗೊತ್ತುಮಾಡಿಕೊಂಡೆ.

ಊರಿನ ಅರ್ಧ ಮಕ್ಕಳಿಗೆ ಎರೆದವಳು ಅವಳು. ಯಾವ ಮನೆಯವರೂ ಬೇಡವೆನ್ನಲಿಲ್ಲ. ನಾಲ್ಕು ಮುದ್ದೆ ತಿಂದೆ ಎಂದು ಬೀಗಿದ ಚನ್ನರಾಯಪ್ಪನಿಗೆ, “ಎರಡೇ ಕಣಪ್ಪ, ನಿನ್ನ ಹೆಂಡ್ತೀನ ಕೇಳ್ಕೊಂಡೇ ಬಂದೆ” ಎಂದು ಹೇಳಿ ಎಲ್ಲರೆದುರು ಅವನ ಮಾನ ಕಳೆದಳು. ಅವಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆವತ್ತೇ.

ಹತ್ತನೇ ದಿನ ಅವಳ ಮನೆಯ ಜಗಲಿಯಲ್ಲಿ ಕೂತು ಲೆಕ್ಕ ಮುಗಿಸಿದೆ. ಜನ ತಿನ್ನುವುದು ಹೆಚ್ಚಾಗಿ ರಾಗಿ. ರಾಗಿಗೆ ಹುಳದ ಕಾಟ ಕಡಿಮೆ, ಯಾರೂ ಔಷಧಿಯ ಪುಡಿ ಹಾಕುವುದಿಲ್ಲ. “ನಿಮ್ಮೂರಿಗೇನೂ ಭಯ ಇಲ್ಲ” ಎಂದೆ, ಊರನ್ನು ನಾನೇ ಕಾಪಾಡಿದವನ ಹಾಗೆ.

“ಬಾಣಂತೀರ ಊಟ ಎಲ್ಲಿ ಬರ್ದಿದ್ದೀಯ?”

“ಮನೆಯವರ ಪಾತ್ರೆನೇ ತೂಗಿದ್ದೀರಲ್ಲಮ್ಮ?”

ಅವಳಿಗೆ ನಗು ಬಂತು. “ಬಾಣಂತಿ ಪಾತ್ರೆ ಬೇರೆ ನಾಯ್ನಾ. ಅವಳಿಗೆ ಮುದ್ದೆ ಕೊಡ್ತಾರಾ? ಮೂರು ತಿಂಗಳೂ ಹಳೇ ಅಕ್ಕಿ ಅನ್ನಾನೇ. ಒಂದ್ ವರ್ಷ ಮುಂಚೆನೇ ಎತ್ತಿಟ್ಟಿರ್ತೀವಿ. ಹುಳ ಬೀಳ್ದಂಗೆ ಡಿಡಿಟಿ ಪುಡಿ ಕಲ್ಸೋದು ನಾನೇ ಎಲ್ರಿಗೂ ಹೇಳ್ಕೊಟ್ಟಿದ್ದು!”

ಹೆಮ್ಮೆಯಿಂದ ಹೇಳಿದಳು. ನನ್ನ ದಡ್ಡತನಕ್ಕೆ ನನಗೇ ಅಸಹ್ಯವಾಯಿತು. ಎಲ್ಲರಿಗಿಂತ ಹೆಚ್ಚು ವಿಷ ತಿನ್ನುತ್ತಿದ್ದವರು ನನ್ನ ಹಾಳೆಯಲ್ಲೇ ಇರಲಿಲ್ಲ. ಕದಿರಮ್ಮನ ಮಗಳು ಭಾರತಮ್ಮ ಹೆತ್ತು ಇಪ್ಪತ್ತು ದಿನವಾಗಿತ್ತು. ಒಳಗೆ ಮಗುವಿನೊಂದಿಗೆ ಮಲಗಿದ್ದಳು. ಹೇಳದೆ ವಿಧಿಯಿರಲಿಲ್ಲ, ಆ ಪುಡಿಯೇ ವಿಷ ಎಂದು ಹೇಳಿದೆ.

“ತೊಳ್ದೇ ಬೇಯಿಸ್ತೀವಲ್ಲ?”

“ತೊಳೆದ್ರೆ ಪೂರ್ತಿ ಹೋಗಲ್ಲಮ್ಮ.”

“ಹಾಲಿಗೂ ಹೋಗ್ತದಾ?”

“ಹೋಗುತ್ತೆ. ಆದ್ರೆ ಹಾಲು ಬಿಡಿಸ್ಬೇಡಿ. ಆ ಅಕ್ಕಿ ಬಿಡಿಸಿ.”

ನೀರು ಹಾಕಿದ ಮನೆಗಳವರು ಕೊಟ್ಟ ಅಕ್ಕಿ ಅದು. ಪಾವು ಪಾವಾಗಿ ಮಗಳಿಗೆಂದೇ ಕೂಡಿಟ್ಟಿದ್ದಳು, ತಾನು ಒಂದು ತುತ್ತೂ ಉಂಡವಳಲ್ಲ. ಮಡಕೆಯನ್ನು ಹಿತ್ತಿಲಿಗೆ ತಂದು, ಗುಂಡಿ ತೋಡಿ, ಅಷ್ಟನ್ನೂ ಸುರಿದು ಮಣ್ಣು ಎಳೆದಳು. ಕಾಳಿಗೆ ಬಂದ ಕೋಳಿಗಳನ್ನು ಓಡಿಸುತ್ತಾ ಅತ್ತಳು. ನಾನೂ ಅತ್ತೆ, ಸುಳ್ಳೇಕೆ?

ಊರಿನಲ್ಲಿ ಆಗ ಇನ್ನಿಬ್ಬರು ಬಾಣಂತಿಯರಿದ್ದರು. ಕೈಯ ಮಣ್ಣೂ ತೊಳೆಯದೆ ಅವರ ಮನೆಗಳಿಗೆ ಹೊರಟಳು, ನಾನೂ ಹಿಂದೆಯೇ ಹೋದೆ. ಮೊದಲನೆಯವರು ಒಪ್ಪಿದರು. ಎರಡನೆಯ ಮನೆಯಲ್ಲಿ ಬಾಣಂತಿಯ ತಾಯಿ ಶಾಮಲಮ್ಮ, “ಪುಡಿ ಹಾಕು ಅಂದೋಳೂ ನೀನೇ, ಈಗ ಸುರಿ ಅನ್ನೋಳೂ ನೀನೇ. ನಾಳೆಯಿಂದ ನೀರು ಹಾಕೋಕೆ ನಮ್ಮನೇಗೆ ಬರ್ಬೇಡ” ಎಂದು ಬಾಗಿಲು ಹಾಕಿಕೊಂಡಳು.

ಕದಿರಮ್ಮನ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಮಾತು ಊರೆಲ್ಲ ಹಬ್ಬೀತೆಂದು ಹೆದರಿ, “ಬನ್ನಿ ಹೋಗೋಣ” ಎಂದೆ. ಅವಳು ಹೊಸಲಿನ ಮುಂದೆ ಕೂತೇಬಿಟ್ಟಳು.

“ಬರಲ್ಲ ಬಿಡು ಶಾಮಲಮ್ಮ, ಬೇರೆ ಯಾರ್ನಾದ್ರೂ ಕರ್ಸ್ಕೋ. ತಪ್ಪು ನಂದೇ. ನನ್ ಮಗಳಿಗೂ ಅದ್ನೇ ಉಣ್ಸಿದೀನಿ. ಆ ಅಕ್ಕಿ ಮಾತ್ರ ಆಚೆ ತಂದ್ಬಿಡೇ, ನಿನ್ ಕಾಲಿಗೆ ಬೀಳ್ತೀನಿ.”

ಒಳಗೆ ಕೂಸು ಅಳುತ್ತಿತ್ತು. ತುಂಬಾ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದಾಯಿತು. ಶಾಮಲಮ್ಮ ಅಕ್ಕಿಯ ಮಡಕೆಯನ್ನು ಸೊಂಟಕ್ಕೆ ಆನಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.